ಬಾಗಿಲ ಸಂದಿಯ ಗಾಳಿ ಶಬ್ದ: ಬೀಡಿಂಗ್ ಬದಲಿಸುವ ಮೊದಲು ಗಾಜು ಹೇಗೆ ಕೂತಿದೆ ನೋಡಿ

ಸಕಲೇಶಪುರದ ನಮ್ಮ ಭಾವನ ಕಾರಿನ ಮುಂದಿನ ಎಡಬಾಗಿಲ ಗಾಜು ಮಳೆಗಾಲಕ್ಕೆ ಸ್ವಲ್ಪ ಮುಂಚೆ ಒಡೆದಿತ್ತು. ತೋಟದೊಳಗೆ ನಿಲ್ಲಿಸಿದ್ದಾಗ ಸಿಲ್ವರ್ ಮರದ ಒಣರೆಂಬೆ ಬಿದ್ದದ್ದು. ಹೊಸ ಗಾಜು ಹಾಕಿಸಿದರು, ಅಂದಿನಿಂದ ಶಬ್ದ ಶುರುವಾಯಿತು. ಊರೊಳಗೆ ಏನೂ ಗೊತ್ತಾಗುವುದಿಲ್ಲ. ಹಾಸನ ದಾಟಿ ಚನ್ನರಾಯಪಟ್ಟಣದ ಕಡೆಗೆ ನಾಲ್ಕು ಪಥದ ರಸ್ತೆಗೆ ಬಿದ್ದು 80 ಮುಟ್ಟಿದರೆ ಎಡಗಡೆ ಕನ್ನಡಿಯ ಮೇಲಿನ ಮೂಲೆಯಿಂದ ಸುಯ್ ಅಂತ ಹಿಡಿದುಕೊಳ್ಳುತ್ತದೆ. 100ಕ್ಕೆ ಹೋದರೆ ಪಕ್ಕದ ಸೀಟಿನಲ್ಲಿ ಕೂತ ಅಕ್ಕ ಹೇಳುವ ಮಾತು ಭಾವನಿಗೆ ಅರ್ಧ ಕೇಳಿಸುತ್ತಿರಲಿಲ್ಲ.

ಗಾಜು ಹಾಕಿದವರ ಹತ್ತಿರ ವಾಪಸ್ ಹೋದಾಗ ಬಂದ ಉತ್ತರ, ಬೀಡಿಂಗ್ (ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ) ಹಳೆಯದಾಗಿದೆ, ಪೂರ್ತಿ ಸೆಟ್ ಬದಲಿಸಿ ಅಂತ. ಇನ್ನೊಬ್ಬರು ಮೇಲಿಂದ ಇನ್ನೊಂದು ಸಾಲು ಸ್ಪಂಜ್ ಬೀಡಿಂಗ್ ಅಂಟಿಸಿಕೊಡುತ್ತೇನೆ ಅಂದರಂತೆ. ಭಾವ ಕಾರು ತಂದು ಹಾಸನದ ನಮ್ಮ ಮನೆ ಮುಂದೆ ನಿಲ್ಲಿಸಿ, "ನೀನೇ ಒಂದ್ಸಲ ನೋಡಪ್ಪ, ರಬ್ಬರ್ ಹೋಗೈತೆ ಅಂತಾರೆ. ಗಾಜು ಒಡಿಯೋ ಹಿಂದಿನ ದಿನದವರೆಗೂ ಇದೇ ರಬ್ಬರು ಚೆನ್ನಾಗೇ ಇತ್ತಲ್ಲ" ಅಂದರು. ಆ ಪ್ರಶ್ನೆಯಲ್ಲೇ ಅರ್ಧ ಉತ್ತರ ಇತ್ತು. ರಬ್ಬರು ಒಂದೇ ರಾತ್ರಿಯಲ್ಲಿ ಮುದಿಯಾಗುವುದಿಲ್ಲ. ಬದಲಾದದ್ದು ಗಾಜು, ಅದನ್ನು ಹಿಡಿದಿರುವ ಬೋಲ್ಟುಗಳು, ಅದು ಕೂರುವ ಕೋನ. ಹುಡುಕಬೇಕಾದದ್ದು ಅಲ್ಲಿ.

ಬಿಚ್ಚುವ ಮೊದಲು ಶಬ್ದದ ಬಗ್ಗೆ ಸ್ವಲ್ಪ. ಕಾರಿನ ಗಾಳಿ ಶಬ್ದಗಳೆಲ್ಲ ಒಂದೇ ಜಾತಿಯವಲ್ಲ. ಸೀಟಿ ಊದಿದಂತೆ ಒಂದೇ ಸ್ವರದಲ್ಲಿ ಬಂದರೆ ಸಾಮಾನ್ಯವಾಗಿ ಯಾವುದೋ ಚೂಪು ಅಂಚಿನ ಮೇಲೆ, ಇಲ್ಲವೇ ಪುಟ್ಟ ತೂತಿನ ಮೇಲೆ ಗಾಳಿ ಹಾಯುತ್ತಿದೆ ಎಂದರ್ಥ: ಕನ್ನಡಿಯ ಬುಡ, ರೂಫ್ ರೈಲು, ಸಡಿಲವಾದ ಪ್ಲಾಸ್ಟಿಕ್ ಪಟ್ಟಿ. ಭೋರ್ ಎನ್ನುವ ದಪ್ಪ ಶಬ್ದ ಕಾರಿನ ಆಕಾರದ್ದು. ಅದಕ್ಕೆ ನಾವು ಮಾಡುವುದು ಹೆಚ್ಚೇನಿಲ್ಲ. ಸುಯ್ ಎನ್ನುವ ಉಸಿರಿನಂಥ ಶಬ್ದ, ವೇಗ ಏರಿದಂತೆ ಏರುವಂಥದ್ದು, ಸಂದಿಯಿಂದ ಗಾಳಿ ಸೋರುವ ಲಕ್ಷಣ. ಸೋರುವುದು ಎಂದರೆ ಹೊರಗಿನ ಗಾಳಿ ಒಳಗೆ ನುಗ್ಗುವುದು ಎಂದುಕೊಳ್ಳುತ್ತೇವೆ. ಮುಂದಿನ ಬಾಗಿಲ ಮೇಲ್ಮೂಲೆಯಲ್ಲಿ ನಡೆಯುವುದು ಹೆಚ್ಚಾಗಿ ಇದರ ಉಲ್ಟಾ. ಮುಂದಿನ ಗಾಜಿನ ಪಕ್ಕದ ಕಂಬವನ್ನು ಸುತ್ತಿಕೊಂಡು ಹೋಗುವಾಗ ಗಾಳಿಯ ವೇಗ ಹೆಚ್ಚಿ ಅಲ್ಲಿ ಒತ್ತಡ ಕುಸಿಯುತ್ತದೆ. ಒಳಗಿನ ಒತ್ತಡ ಅದಕ್ಕಿಂತ ಜಾಸ್ತಿ. ಹಾಗಾಗಿ ಗಾಜು ಹೊರಕ್ಕೆ ಎಳೆಸಿಕೊಳ್ಳುತ್ತದೆ, ಕ್ಯಾಬಿನ್ನಿನ ಗಾಳಿ ಸಂದಿಯಿಂದ ಹೊರಗೆ ಹೀರಿಕೊಳ್ಳಲ್ಪಡುತ್ತದೆ. 100 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 45 ಕಿಲೋ ತೂಕದಷ್ಟು. 50ರಲ್ಲಿ ಅದು ಬರೀ 11 ಕಿಲೋ ಆಸುಪಾಸು, ಏಕೆಂದರೆ ವೇಗ ಅರ್ಧವಾದರೆ ಒತ್ತಡ ಕಾಲು ಭಾಗವಾಗುತ್ತದೆ. ಊರೊಳಗೆ ಸುಮ್ಮನಿರುವ ಗಾಜು ಹೆದ್ದಾರಿಯಲ್ಲಿ ಬಾಯಿ ಬಿಡುವುದು ಇದೇ ಕಾರಣಕ್ಕೆ. ಶಬ್ದವಂತೂ ಇನ್ನೂ ಕಡಿದಾಗಿ ಏರುತ್ತದೆ: ಗಾಳಿ ಅಂಚಿಗೆ ಬಡಿದು ಹುಟ್ಟುವ ಶಬ್ದದ ಶಕ್ತಿ ಸರಿಸುಮಾರು ವೇಗದ ಆರನೇ ಘಾತಕ್ಕೆ ತಕ್ಕಂತೆ ಹೆಚ್ಚುತ್ತದೆ. 60ರಿಂದ 100ಕ್ಕೆ ಹೋದರೆ ಸುಮಾರು 13 ಡೆಸಿಬಲ್. 10 ಡೆಸಿಬಲ್ ಏರಿದರೆ ನಮ್ಮ ಕಿವಿಗೆ ಸದ್ದು ಇಮ್ಮಡಿಯಾದಂತೆ ಕೇಳುತ್ತದೆ.

ನಮ್ಮ ಕಡೆ ಆಷಾಢದ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮುಂಗಾರಿನಲ್ಲಿ ಪಡುವಣ ಗಾಳಿ ಎಡೆಬಿಡದೆ ಬೀಸುತ್ತದೆ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬರುವಾಗ ಅದು ಎದುರುಗಾಳಿ, ಹೋಗುವಾಗ ಬೆನ್ನಗಾಳಿ. ಸ್ಪೀಡೋಮೀಟರು ಎರಡೂ ಕಡೆ 80 ತೋರಿಸಿದರೂ ಗಾಜಿಗೆ ತಾಗುವ ಗಾಳಿ ಬೇರೆ ಬೇರೆ. ಅದಕ್ಕೇ ಒಂದೇ ದಿಕ್ಕಿನಲ್ಲಿ ಓಡಿಸಿ "ಕಮ್ಮಿಯಾಯಿತು" ಎಂದು ತೀರ್ಮಾನಿಸಬಾರದು. ಅದೇ ರಸ್ತೆ, ಅದೇ ದಿಕ್ಕು, ಅದೇ ವೇಗ, ಬ್ಲೋವರ್ ಬಂದ್. ಓಡಿಸುವವರು ಓಡಿಸಲಿ, ಆಲಿಸುವವರು ಬೇರೆಯವರಿರಲಿ.

ನಿಂತ ಕಾರಿನಲ್ಲೇ ಮಾಡಬಹುದಾದ ಪರೀಕ್ಷೆಗಳಿಂದ ಶುರು ಮಾಡಿದೆ. ಮೊದಲನೆಯದು ಕಾಗದದ್ದು. ನೋಟಿನಗಲದ ಕಾಗದದ ಪಟ್ಟಿಯನ್ನು ಗಾಜಿನ ಮೇಲಂಚಿಗೂ ರಬ್ಬರಿಗೂ ನಡುವೆ ಇಟ್ಟು ಗಾಜು ಏರಿಸಿ, ನಿಧಾನವಾಗಿ ಎಳೆದು ನೋಡುವುದು. ಹಿಂದಿನ ಮೂಲೆಯಲ್ಲಿ ಕಾಗದ ಹರಿದೇ ಬಂತು, ಅಷ್ಟು ಬಿಗಿ. ಮುಂದಕ್ಕೆ ಬಂದಂತೆ ಹಿಡಿತ ಸಡಿಲ. ಕನ್ನಡಿಯ ಮೇಲಿನ ಗೇಣುದ್ದದಲ್ಲಿ ಕಾಗದ ತಡೆಯೇ ಇಲ್ಲದೆ ಜಾರಿತು. ಬಲಬಾಗಿಲಿನಲ್ಲಿ ಅದೇ ಕಾಗದ ಎಲ್ಲ ಕಡೆಯೂ ಒಂದೇ ಹದದಲ್ಲಿ ಹಿಡಿಯುತ್ತಿತ್ತು.

ಎರಡನೆಯದು ಊದುಬತ್ತಿ. ಬ್ಲೋವರನ್ನು ಪೂರ್ತಿ ಜೋರು ಮಾಡಿ, ಹೊರಗಿನ ಗಾಳಿ ಎಳೆಯುವ ಸ್ಥಾನಕ್ಕೆ ಇಟ್ಟು, ಎಲ್ಲ ಗಾಜು ಏರಿಸಿದರೆ ಒಳಗೆ ಸ್ವಲ್ಪ ಒತ್ತಡ ಕಟ್ಟುತ್ತದೆ. ಹೊರಗೆ ನಿಂತು ಊದುಬತ್ತಿಯನ್ನು ಬಾಗಿಲ ಅಂಚಿನುದ್ದಕ್ಕೂ ಒಂದೆರಡು ಇಂಚು ದೂರದಲ್ಲಿ ಹಿಡಿದು ಸಾಗಬೇಕು. ಅಂಗಳದಲ್ಲಿ ಗಾಳಿ ಇಲ್ಲದ ಹೊತ್ತು ನೋಡಿಕೊಳ್ಳಿ, ನಾನು ಬೆಳಗಿನ ಜಾವ ಮಾಡಿದೆ. ನೆಟ್ಟಗೆ ಏರುತ್ತಿದ್ದ ಹೊಗೆಯ ಎಳೆ ಕನ್ನಡಿಯ ಮೇಲೆ ಬಂದ ಕೂಡಲೇ ಬಾಗಿ ಹೊರಗೆ ಚದುರಿತು. ಅಲ್ಲಿಂದ ನಾಲ್ಕು ಬೆರಳು ಹಿಂದೆ ಸರಿಸಿದರೆ ಮತ್ತೆ ನೆಟ್ಟಗೆ.

ಬಾಗಿಲಿನ ಸುತ್ತಲಿರುವ ದಪ್ಪ ಬೀಡಿಂಗ್ ಬಗ್ಗೆಯೂ ಅನುಮಾನ ಉಳಿಯಬಾರದು ಎಂದು ಸೀಮೆಸುಣ್ಣದ ಪುಡಿ ಸವರಿ ಬಾಗಿಲು ಹಾಕಿ ತೆಗೆದೆ. ಬಾಗಿಲಿನ ಲೋಹದ ಮೇಲೆ ಬಿಳಿಗೆರೆ ಎಲ್ಲೂ ಕಡಿಯದೆ ಬಿದ್ದಿತ್ತು. ಅಂದಮೇಲೆ ಬಾಗಿಲು ಸರಿಯಾಗಿ ಮುಚ್ಚುತ್ತಿದೆ, ಆ ಬೀಡಿಂಗ್ ಚೆನ್ನಾಗಿದೆ. ಬದಲಿಸಿ ಎಂದು ಹೇಳಿದ್ದು ಇದನ್ನೇ.

ಕೊನೆಯ ಮಾತು ಪೇಪರ್ ಟೇಪಿನದ್ದು, ಪೇಂಟ್ ಅಂಗಡಿಯಲ್ಲಿ ಸಿಗುವಂಥದ್ದು. ಎಡಬಾಗಿಲ ಎಲ್ಲ ಸಂದಿಗಳಿಗೂ ಹೊರಗಿನಿಂದ ಅಂಟಿಸಿ ಹೆದ್ದಾರಿಗೆ ಹೋದೆವು. ಆ ಬಾಗಿಲು ತೆರೆಯಲಾಗದು, ಹಾಗಾಗಿ ನಾನು ಹಿಂದೆ ಕೂತೆ. ಸುಯ್ ಶಬ್ದ ಪೂರ್ತಿ ಮಾಯ. ಆಮೇಲೆ ಪಕ್ಕಕ್ಕೆ ನಿಲ್ಲಿಸಿಕೊಂಡು ಒಂದೊಂದೇ ತುಂಡು ಕಿತ್ತು ಮತ್ತೆ ಓಡಿಸುವುದು. ಕನ್ನಡಿ ಬುಡದ ಟೇಪು ತೆಗೆದಾಗ ಬದಲಾವಣೆ ಇಲ್ಲ. ಬಾಗಿಲಿನ ಹಿಂದಿನ ಸಂದಿಯದ್ದು ತೆಗೆದಾಗಲೂ ಇಲ್ಲ. ಗಾಜಿನ ಮುಂದಿನ ಮೇಲ್ಮೂಲೆಯ ತುಂಡು ಕಿತ್ತ ಮೇಲೆ 80 ಮುಟ್ಟಿದ್ದೇ ತಡ, ಹಳೆಯ ಶಬ್ದ ಹಾಗೇ ವಾಪಸ್. ಈ ಪರೀಕ್ಷೆಗೆ ಖರ್ಚಾಗುವುದು ಒಂದು ಸುರುಳಿ ಟೇಪು. ಇದನ್ನು ಮಾಡದೆ ಯಾರೂ ಒಂದು ರೂಪಾಯಿಯ ರಬ್ಬರನ್ನೂ ಕೊಳ್ಳಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಜಾಗ ಗೊತ್ತಾಯಿತು, ಇನ್ನು ಕಾರಣ. ಬಾಗಿಲು ತೆರೆದು, ಪೂರ್ತಿ ಏರಿಸಿದ ಗಾಜಿನ ಮೇಲಂಚನ್ನು ಒಳಗಿನಿಂದ ಅಂಗೈಯಲ್ಲಿ ಹೊರಕ್ಕೆ ದೂಡಿದೆ. ಟಕ್ ಎಂದು ಅಲುಗಿತು. ಬಲಗಡೆಯದು ಜಗ್ಗಲಿಲ್ಲ. ಆಮೇಲೆ ಗಾಜನ್ನು ಸ್ವಲ್ಪ ಇಳಿಸಿ, ಮೇಲಂಚಿಗೂ ಚೌಕಟ್ಟಿಗೂ ಇರುವ ಅಂತರವನ್ನು ಹಿಂದೆ 50 ಮಿ.ಮೀ. ಬರುವಂತೆ ನಿಲ್ಲಿಸಿಕೊಂಡು ಮುಂದೆ ಅಳೆದೆ. ಬಲಬಾಗಿಲಿನಲ್ಲಿ ಮುಂದೆ 49. ಎಡಬಾಗಿಲಿನಲ್ಲಿ 54. ಅಂದರೆ ಗಾಜು ಮುಂದಕ್ಕೆ ತಲೆ ತಗ್ಗಿಸಿಕೊಂಡು ಏರುತ್ತಿದೆ. ಹಿಂದಿನ ಮೂಲೆ ಮೊದಲು ಹೋಗಿ ಮೇಲಿನ ಚೌಕಟ್ಟಿಗೆ ತಾಗುತ್ತದೆ, ಮೋಟರು ಅಲ್ಲಿಗೇ ನಿಲ್ಲುತ್ತದೆ, ಮುಂದಿನ ಮೂಲೆ ರಬ್ಬರಿನ ತುಟಿಗೆ ತಾಗಿಯೂ ತಾಗದಂತೆ ಉಳಿಯುತ್ತದೆ. ಕಾರಿನ ವರ್ಕ್‌ಶಾಪ್ ಪುಸ್ತಕ ಕೈಯಲ್ಲಿಲ್ಲದಿದ್ದರೆ ಹೆದರಬೇಡಿ, ಯಾರೂ ಮುಟ್ಟದ ಎದುರು ಬಾಗಿಲೇ ನಿಮ್ಮ ಅಳತೆ ಪುಸ್ತಕ.

ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಹೊದಿಕೆ, ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ತೆಗೆದೆ. ಕೆಲವು ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗಿನ ಒತ್ತಡ ಸೆನ್ಸರು ಬಾಗಿಲೊಳಗೇ ಇರುತ್ತದೆ. ಅಂಥ ಕಾರಿನಲ್ಲಿ ಅದರ ವೈರು ಕಿತ್ತು ಕೀ ಆನ್ ಮಾಡಬಾರದು. ಭಾವನ ಕಾರಿನಲ್ಲಿ ಅದಿಲ್ಲ. ಒಳಹಿಡಿಯ ಹಿಂದೆ ಒಂದು ಸ್ಕ್ರೂ, ಬಾಗಿಲೆಳೆಯುವ ಗುಳಿಯ ತಳದಲ್ಲಿ ಮುಚ್ಚಳದಡಿ ಇನ್ನೊಂದು, ಉಳಿದದ್ದೆಲ್ಲ ಅಂಚಿನ ಪ್ಲಾಸ್ಟಿಕ್ ಕ್ಲಿಪ್ಪುಗಳು. ಕೆಳಮೂಲೆಯಿಂದ ಶುರು ಮಾಡಿ, ಕ್ಲಿಪ್ಪಿನ ಪಕ್ಕಕ್ಕೇ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮೀಟಬೇಕು. ಎರಡು ಕ್ಲಿಪ್ಪುಗಳ ನಡುವೆ ಮೀಟಿದರೆ ಪ್ಯಾಡೇ ಸೀಳುತ್ತದೆ. ಬಿ.ಎಂ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಅದೇ ಅಳತೆಯ ಕ್ಲಿಪ್ಪುಗಳನ್ನು ಮೊದಲೇ ತಂದಿಟ್ಟುಕೊಂಡಿದ್ದೆ. ಹಳೆಯ ಕಾರಿನಲ್ಲಿ ಒಂದೆರಡು ಮುರಿದೇ ಮುರಿಯುತ್ತವೆ.

ಪ್ಯಾಡಿನ ಹಿಂದೆ ನೀರು ತಡೆಯುವ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಕಪ್ಪು ಬ್ಯುಟೈಲ್ ಅಂಟಿನಿಂದ ಬಾಗಿಲಿಗೆ ಅಂಟಿಸಿದ್ದು. ಇಲ್ಲಿ ಅದನ್ನು ಮಧ್ಯಕ್ಕೆ ಹರಿದು, ಸೆಲ್ಲೋ ಟೇಪ್ ಹಚ್ಚಿ ಬಿಟ್ಟಿದ್ದರು. ಟೇಪು ಆಗಲೇ ಬಿಟ್ಟುಕೊಂಡು ನೇತಾಡುತ್ತಿತ್ತು. ಈ ಹಾಳೆಯ ಬೆಲೆ ಗೊತ್ತಾಗುವುದು ಮಲೆನಾಡಿನ ಮಳೆಯಲ್ಲಿ. ಗಾಜಿನ ಮೇಲೆ ಬಿದ್ದ ನೀರು ಬಾಗಿಲೊಳಗೆ ಇಳಿಯುವುದು ಸಹಜ, ತಳದ ತೂತುಗಳಿಂದ ಅದು ಹೊರಗೆ ಹೋಗುತ್ತದೆ. ಒಳಗೆ ಬರದಂತೆ ತಡೆಯುವುದು ಈ ಹಾಳೆ. ರಸ್ತೆಯ ಸದ್ದನ್ನೂ ಇದು ಕೊಂಚ ತಡೆಯುತ್ತದೆ. ಮುಂದಿನ ಎಡ ಮ್ಯಾಟಿನ ಕೆಳಗೆ ಕೈಯಿಟ್ಟರೆ ಒದ್ದೆ. ಗಾಳಿ ಶಬ್ದದ ದೂರು ಹೇಳಿಕೊಂಡು ಬಂದ ಕಾರಿಗೆ ನೀರಿನ ಕಾಯಿಲೆಯೂ ಇತ್ತು.

ಹಾಳೆ ಸರಿಸಿ ಟಾರ್ಚು ಬಿಟ್ಟಾಗ ಎರಡು ವಿಷಯ ಕಂಡವು. ಈ ಕಾರಿನದ್ದು ಕತ್ತರಿ ಮಾದರಿಯ ವಿಂಡೋ ಮಷಿನ್. ಎರಡು ತೋಳು ಕತ್ತರಿಯಂತೆ ಅಡ್ಡಹಾಯ್ದು ಗಾಜಿನ ಬುಡದ ಪಟ್ಟಿಯನ್ನು ಎತ್ತುತ್ತವೆ. ಎರಡನೇ ತೋಳಿನ ಕೆಳತುದಿ ಬಾಗಿಲಿಗೆ ಬಿಗಿದ ಒಂದು ಗಿಡ್ಡ ಹಳಿಯೊಳಗೆ ಜಾರುತ್ತದೆ. ಆ ಹಳಿಯನ್ನು ಹಿಡಿದಿರುವ ಎರಡು ಬೋಲ್ಟುಗಳ ತೂತು ಗುಂಡಗಿರುವುದಿಲ್ಲ, ಉದ್ದಕ್ಕಿರುತ್ತವೆ. ಹಳಿಯ ಒಂದು ತುದಿ ಮೇಲೆ ಕೆಳಗೆ ಆದರೆ ಗಾಜು ಹಿಂದೆ ಮುಂದೆ ವಾಲುತ್ತದೆ. ಗಾಜಿನ ಓರೆ ತಿದ್ದಲಿಕ್ಕೆಂದೇ ಕೊಟ್ಟ ಜಾಗ ಅದು. ಲೋಹದ ಮೇಲೆ ಹಳೆಯ ವಾಷರಿನ ಗುರುತು ಉಂಗುರದಂತೆ ಸ್ಪಷ್ಟವಾಗಿ ಉಳಿದಿತ್ತು, ಹೊಸದಾಗಿ ಬಿಗಿದ ಬೋಲ್ಟು ಆ ಉಂಗುರದಿಂದ ಪಕ್ಕಕ್ಕೆ ಸರಿದು ಸೀಳಿನ ತುದಿಗೆ ಹೋಗಿ ಕೂತಿತ್ತು. ಗಾಜು ಹಾಕಲು ಹಳಿ ಸಡಿಲ ಮಾಡಿದವರು ಮತ್ತೆ ಅಳೆಯದೆ ಬಿಗಿದುಬಿಟ್ಟಿದ್ದಾರೆ.

ಎರಡನೆಯದು ಗಾಜಿನ ಹಿಂದಿನ ಅಂಚು ಓಡುವ ಲೋಹದ ಚಾನೆಲ್. ಅದರ ಕೆಳತುದಿಯ ಬೋಲ್ಟು ಬೆರಳಲ್ಲೇ ತಿರುಗುವಷ್ಟು ಸಡಿಲ. ಚಾನೆಲ್ ಅಲುಗಿದರೆ ಗಾಜು ಒಳಕ್ಕೆ ಹೊರಕ್ಕೆ ಆಡುತ್ತದೆ. ಅಂಗೈಯಲ್ಲಿ ದೂಡಿದಾಗ ಬಂದ ಟಕ್ ಇಲ್ಲಿಂದ.

ಬಾಗಿಲ ತಳದಲ್ಲಿ ಒಡೆದ ಗಾಜಿನ ಹರಳುಗಳು ಹಾಗೇ ರಾಶಿ ಬಿದ್ದಿದ್ದವು. ಪಕ್ಕದ ಗಾಜು ಟೆಂಪರ್ ಮಾಡಿದ್ದು, ಒಡೆದರೆ ಕಲ್ಲುಸಕ್ಕರೆಯಂತೆ ಚೂರಾಗುತ್ತದೆ. ಆ ಚೂರು, ತೋಟದ ಮಣ್ಣು, ಎಲೆ ಎಲ್ಲ ಸೇರಿ ನೀರಿಳಿಯುವ ಒಂದು ತೂತು ಪೂರ್ತಿ ಮುಚ್ಚಿತ್ತು. ದಪ್ಪ ಕೈಗವಸು ಹಾಕಿಕೊಂಡು ತೆಗೆದು, ಉಳಿದದ್ದನ್ನು ವ್ಯಾಕ್ಯೂಮಿನಲ್ಲಿ ಎಳೆದೆ. ಬರಿಗೈ ಹಾಕುವ ಕೆಲಸವಲ್ಲ ಇದು. ಬಾಗಿಲೊಳಗಿನ ತಗಡಿನ ಅಂಚೂ ಕತ್ತಿಯೇ.

ಸರಿಪಡಿಸುವಾಗ ಕ್ರಮ ಮುಖ್ಯ. ಮೊದಲು ಚೌಕಟ್ಟಿನಲ್ಲಿ ಗಾಜಿನ ಅಂಚು ಕೂರುವ ರಬ್ಬರ್ ಚಾನೆಲ್. ಗಾಜು ತಪ್ಪಾಗಿ ಬಡಿದು ಬಡಿದು ಮುಂದಿನ ಮೂಲೆಯಲ್ಲಿ ಅದರ ತುಟಿ ಒಳಕ್ಕೆ ಮಡಚಿತ್ತು, ಹರಿದಿರಲಿಲ್ಲ. ಸೋಪುನೀರಿನಲ್ಲಿ ಬಟ್ಟೆ ಅದ್ದಿ ಉದ್ದಕ್ಕೂ ಒರೆಸಿ, ಒಣಗಿಸಿ, ಮಡಿಕೆ ಬಿಡಿಸಿ, ಮೂಲೆಯನ್ನು ಚೌಕಟ್ಟಿನೊಳಗೆ ಹೆಬ್ಬೆರಳಲ್ಲಿ ಒತ್ತಿ ಕೂರಿಸಿದೆ. ಆಮೇಲೆ ಸಿಲಿಕೋನ್ ಸ್ಪ್ರೇ ಬಟ್ಟೆಗೆ ಹೊಡೆದು ತೆಳುವಾಗಿ ಸವರಿದೆ. ಗ್ರೀಸು, ಸೀಮೆಎಣ್ಣೆ, ಇಂಜಿನ್ ಆಯಿಲ್ ಈ ರಬ್ಬರಿಗೆ ಮುಟ್ಟಿಸಬೇಡಿ. ಕಾರಿನ ಬಾಗಿಲ ರಬ್ಬರು ಬಹುಮಟ್ಟಿಗೆ ಇಪಿಡಿಎಂ ಎಂಬ ಜಾತಿಯದು. ಮಳೆ ಬಿಸಿಲಿಗೆ ಜಗ್ಗದು, ಪೆಟ್ರೋಲಿಯಂ ಎಣ್ಣೆಗೆ ಮಾತ್ರ ಊದಿಕೊಂಡು ಮೆತ್ತಗಾಗುತ್ತದೆ.

ಸ್ವಿಚ್ಚಿನ ವೈರನ್ನು ತಾತ್ಕಾಲಿಕವಾಗಿ ಸಿಕ್ಕಿಸಿ, ಬ್ಯಾಟರಿ ಜೋಡಿಸಿ, ಹಳಿಯ ಎರಡೂ ಬೋಲ್ಟುಗಳನ್ನು ಹಳಿ ಸರಿಯುವಷ್ಟು ಮಾತ್ರ ಸಡಿಲಿಸಿದೆ. ಭಾವ ಸ್ವಿಚ್ ಒತ್ತುವುದು, ನಾನು ಹೇಳಿದಾಗ ಮಾತ್ರ. ಕತ್ತರಿ ತೋಳಿನ ನಡುವೆ ಬೆರಳು ಸಿಕ್ಕಿದರೆ ಮೋಟರಿಗೆ ಕರುಣೆ ಇಲ್ಲ. "ಏರಿಸಿ ಭಾವ, ನಿಧಾನ" ಎಂದು ಗಾಜನ್ನು ಪೂರ್ತಿ ಏರಿಸಿಕೊಂಡು, ಮುಂದಿನ ಬುಡಕ್ಕೆ ಕೈಕೊಟ್ಟು ಮೇಲ್ಮೂಲೆ ರಬ್ಬರಿನೊಳಗೆ ಹೋಗಿ ಕೂರುವವರೆಗೂ ಎತ್ತಿ ಹಿಡಿದು ಹಳಿಯನ್ನು ಬಿಗಿದೆ. ವಾಷರು ಹೆಚ್ಚುಕಮ್ಮಿ ತನ್ನ ಹಳೆಯ ಉಂಗುರದ ಮೇಲೇ ಬಂದು ನಿಂತಿತು. ಇಳಿಸಿ ಅಳೆದರೆ ಹಿಂದೆ 50, ಮುಂದೆ 51. ಇನ್ನು 2 ಮಿ.ಮೀ. ಬೇಕು. ಮತ್ತೆ ಒಂದು ಕೂದಲೆಳೆ ಸಡಿಲಿಸಿ, ಹಳಿಯ ತುದಿಯನ್ನು ಮರದ ತುಂಡಿನಿಂದ ಮೆಲ್ಲಗೆ ತಟ್ಟಿ, ಬಿಗಿದು, ಅಳೆದೆ. 49.

ಹಿಂದಿನ ಚಾನೆಲ್ಲನ್ನು ಗಾಜು ಪೂರ್ತಿ ಮೇಲಿದ್ದಾಗ ಬಿಗಿಯಬಾರದು. ಆಗ ಗಾಜು ಚಾನೆಲ್ಲಿನ ಕೆಳಭಾಗದಲ್ಲಿ ಇರುವುದೇ ಇಲ್ಲ, ಕೆಳತುದಿ ತನಗಿಷ್ಟ ಬಂದ ಕಡೆ ನಿಂತುಬಿಡುತ್ತದೆ. ಗಾಜನ್ನು ಮುಕ್ಕಾಲು ಇಳಿಸಿ, ಚಾನೆಲ್ ಗಾಜಿನ ಅಂಚಿಗೆ ಸಮನಾಗಿ ತಾನೇ ಹೊಂದಿಕೊಳ್ಳಲು ಬಿಟ್ಟು, ಆಗ 10 ಮಿ.ಮೀ. ಸ್ಪ್ಯಾನರಿನಲ್ಲಿ ಬಿಗಿದೆ. ತಗಡಿಗೆ ಬೆಸೆದ ನಟ್ಟು, ಹದ ಮೀರಿದರೆ ಅದೇ ಕಿತ್ತು ತಿರುಗುತ್ತದೆ. ಬಿಗಿದ ಮೇಲೆ ಗಾಜು ಏರುವ ವೇಗ ಬಲಬಾಗಿಲಿನಷ್ಟೇ ಇರಬೇಕು. ಏರುತ್ತಾ ಏದುಸಿರು ಬಿಟ್ಟರೆ ಚಾನೆಲ್ ಓರೆ ಬಿಗಿದಿದೆ ಎಂದೇ ತಿಳಿಯಬೇಕು.

ಎಲ್ಲ ಕೂತ ಮೇಲೆ ಬೋಲ್ಟಿನ ತಲೆಯಿಂದ ತಗಡಿನವರೆಗೆ ಬಿಳಿ ಪೇಂಟ್ ಮಾರ್ಕರಿನಲ್ಲಿ ಒಂದೊಂದು ಗೆರೆ ಎಳೆದೆ. ಮುಂದೆ ಬೋಲ್ಟು ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ.

ಇಷ್ಟರಲ್ಲಿ ಭಾವನಿಗೆ ಒಂದು ಆಸೆ, ಬಾಗಿಲು ಕಚ್ಚಿಕೊಳ್ಳುವ ಸ್ಟ್ರೈಕರನ್ನೂ ಒಳಕ್ಕೆ ಸರಿಸಿ ಬಿಗಿ ಮಾಡಿಬಿಡೋಣ ಅಂತ. "ಬೇಡ ಭಾವ, ಸುಣ್ಣದ ಗೆರೆ ನೀವೇ ನೋಡಿದ್ರಲ್ಲ" ಎಂದೆ. ಬಾಗಿಲ ಹಿಂದಿನ ಅಂಚು ಹೊರಕ್ಕೆ ನಿಂತಿದ್ದರೆ, ಅಥವಾ ಸುಣ್ಣದ ಗೆರೆ ಹಿಂಭಾಗದಲ್ಲಿ ಕಡಿದಿದ್ದರೆ ಸ್ಟ್ರೈಕರ್ ಮುಟ್ಟಬೇಕು. ಸರಿಯಿರುವುದನ್ನು ಒಳಕ್ಕೆ ಎಳೆದರೆ ಬಾಗಿಲನ್ನು ಬಡಿದು ಹಾಕುವ ಕೆಲಸ ದಿನಾ ಉಳಿಯುತ್ತದೆ, ಬೀಡಿಂಗ್ ಬೇಗ ಚಪ್ಪಟೆಯಾಗುತ್ತದೆ. ಮೇಲಿಂದ ಸ್ಪಂಜ್ ಬೀಡಿಂಗ್ ಅಂಟಿಸುವುದಕ್ಕೂ ನನ್ನ ಆಕ್ಷೇಪ ಇದೇ: ಅದು ಬಾಗಿಲನ್ನು ಹೊರಕ್ಕೆ ದೂಡುತ್ತದೆ, ಮಳೆನೀರು ಹೀರಿ ಅಂಚಿನಲ್ಲಿ ತುಕ್ಕು ಹಿಡಿಸುತ್ತದೆ, ಓರೆ ಗಾಜು ಮಾತ್ರ ಓರೆಯಾಗಿಯೇ ಇರುತ್ತದೆ.

ಹರಿದ ಹಾಳೆಗೆ ಬದಲು ದಪ್ಪ ಪಾಲಿಥೀನ್ ಕತ್ತರಿಸಿ, ಹಳೆಯದನ್ನೇ ಅಳತೆಗಿಟ್ಟು ತೂತು ಮಾಡಿ, ಬ್ಯುಟೈಲ್ ಟೇಪಿನಲ್ಲಿ ಸುತ್ತ ಒತ್ತಿದೆ. ಕೆಳಅಂಚು ಬಾಗಿಲೊಳಗಿನ ಸೀಳಿಗೆ ತೂರಿರಬೇಕು, ಹಾಳೆಯ ಮೇಲೆ ಇಳಿದ ನೀರು ಒಳಗೇ ಬೀಳಲಿ ಎಂದು. ಪ್ಯಾಡ್ ಹಾಕುವ ಮೊದಲು ಪೈಪಿನ ನೀರು ಬಿಟ್ಟು ನೋಡಿದೆವು. ತಳದ ತೂತುಗಳಿಂದ ಸರಾಗ ಸುರಿಯಿತು, ಹಾಳೆಯ ಒಳಮೈ ಒಣಗಿಯೇ ಇತ್ತು. ಒಂದೇ ಒತ್ತಿಗೆ ತಾನಾಗಿ ಏರುವ ಗಾಜಿದ್ದರೆ, ಬ್ಯಾಟರಿ ತೆಗೆದ ಮೇಲೆ ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡು ಹಿಡಿದು ಮತ್ತೆ ಕಲಿಸಬೇಕಾಗುತ್ತದೆ. ಅದರ ಕ್ರಮ ಕಾರಿನ ಜೊತೆ ಬರುವ ಪುಸ್ತಕದಲ್ಲಿರುತ್ತದೆ.

ಹೆದ್ದಾರಿ ಪರೀಕ್ಷೆಯನ್ನೂ ಟೇಪಿನಿಂದಲೇ ಮಾಡಿದೆವು. ಅದೇ ಮುಂದಿನ ಮೇಲ್ಮೂಲೆಗೆ ಟೇಪು ಹಚ್ಚಿ ಹಾಸನದ ಕಡೆಗೆ ಎದುರುಗಾಳಿಯಲ್ಲಿ 100ರಲ್ಲಿ ಓಡಿಸಿ ಆಲಿಸುವುದು, ಆಮೇಲೆ ತೆಗೆದು ಅದೇ ದಾರಿ. ಟೇಪು ಇದ್ದರೂ ಇಲ್ಲದಿದ್ದರೂ ಸದ್ದು ಒಂದೇ ಆದಾಗ ಸಂದಿ ಮುಚ್ಚಿದೆ ಎಂದರ್ಥ. ಹಾಗೇ ಆಯಿತು. ಈಗ ಉಳಿದಿರುವುದು ಎರಡೂ ಕನ್ನಡಿಗಳ ಹತ್ತಿರ ಸಮನಾಗಿ ಬರುವ ಗಾಳಿಯ ಮೊರೆತ. ಅದು ಕಾರಿನ ಆಕಾರದ್ದು, ಅದನ್ನು ಬಿಟ್ಟೆ. ಅಕ್ಕನ ಮಾತು ಪೂರ್ತಿ ಕೇಳಿಸುತ್ತದೆ ಎಂದು ಭಾವನ ಫೋನ್ ಬಂತು.

ಖರ್ಚಾದದ್ದು ಪೇಪರ್ ಟೇಪು, ಬ್ಯುಟೈಲ್ ಟೇಪು, ಪಾಲಿಥೀನ್, ನಾಲ್ಕಾರು ಕ್ಲಿಪ್ಪು, ಸಿಲಿಕೋನ್ ಸ್ಪ್ರೇ. ಬೀಡಿಂಗ್ ಸೆಟ್ ಕೊಳ್ಳಲಿಲ್ಲ. ಸಕಲೇಶಪುರದ ತೋಟದ ರಸ್ತೆಯ ಕುಲುಕಾಟಕ್ಕೆ ಬೋಲ್ಟುಗಳು ಹೇಗೆ ತಡೆದುಕೊಂಡಿವೆ ಎಂದು ಮಳೆ ಮುಗಿದ ಮೇಲೆ ಮತ್ತೊಮ್ಮೆ ಅಳೆದೆ: ಹಿಂದೆ 50, ಮುಂದೆ 49. ಪ್ಯಾಡ್ ಬಿಚ್ಚುವ ಅಗತ್ಯ ಬೀಳಲಿಲ್ಲ. ಮುಂದೆ ಯಾವಾಗಲಾದರೂ ಇನ್ಯಾರೋ ಆ ಬಾಗಿಲು ಬಿಚ್ಚಿದರೆ ಹಳಿ ಎಲ್ಲಿ ಕೂರಬೇಕು ಎಂಬುದಕ್ಕೆ ಬಿಳಿ ಗೆರೆಗಳಿವೆ, ಎರಡು ಅಳತೆಗಳನ್ನೂ ಅದೇ ಮಾರ್ಕರಿನಲ್ಲಿ ಹಾಳೆಯ ಮೇಲೆ ಬರೆದಿಟ್ಟಿದ್ದೇನೆ.